ಏಳು ದಿನದೊಳಗಿನ ಒಂದು ತಾಸು

ಖಾನಾಪುರದಿಂದ ಬೆಳಗಾವಿಗೆ ಬರುವ ಸಂಜೆಯ ಬಸ್ಸಿನಲ್ಲಿ ಐಶ್ವರ್ಯಾಗೆ ಕಿಟಕಿಯ ಸೀಟು ಸಿಕ್ಕಿತ್ತು. ಅದೇ ದೊಡ್ಡ ಭಾಗ್ಯ ಎಂದುಕೊಂಡು, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು, ಬಾಜೂಕ್ಕೆ ಕುಳಿತಿದ್ದ ಉಜೈರ ತುಂಬಿದ ನಮೂನೆಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಳು. ದೇಶದಲ್ಲಿ ಜನ ಏನು ಓದಿದ್ದಾರೆ, ಏನು ಉಣ್ಣುತ್ತಾರೆ, ಯಾವ ಕೆಲಸ ಮಾಡುತ್ತಾರೆ, ಸರಕಾರ ಅವರ ಹೊಸ್ತಿಲ ತನಕ ಮುಟ್ಟಿದೆಯೋ ಇಲ್ಲವೋ ಎಂದು ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಅದು. ಇಬ್ಬರೂ ಏಳು ತಿಂಗಳಿಂದ ಇದೇ ಕೆಲಸದಲ್ಲಿದ್ದರು. ಒಬ್ಬರು ತುಂಬಿದ್ದರಲ್ಲಿ ಇನ್ನೊಬ್ಬರು ತಪ್ಪು ಹುಡುಕಬೇಕು, ಆಮೇಲೆ ಅದು ಮೇಲ್ವಿಚಾರಕಿ ಅನುರಾಧಾ ಮೇಡಂ ಕಡೆ ಹೋಗಬೇಕು.

ಹನ್ನೊಂದನೆಯ ನಮೂನೆ ತೆರೆದಾಗ ಅವಳ ಬೆರಳು ನಿಂತಿತು.

ಅನಗೋಳ. ಮನೆಯ ಯಜಮಾನ: ಈರಯ್ಯ, ವಯಸ್ಸು ಐವತ್ನಾಲ್ಕು, ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸ್ಟೋರ್ ಕೀಪರ್. ಎರಡನೆಯವಳು ಹೆಂಡತಿ. ಮೂರನೆಯವಳು ತಾಯಿ, ಕಾಶವ್ವ, ಎಂಬತ್ತೊಂದು. ನಾಲ್ಕನೆಯವಳು ಮಗಳು, ಇಪ್ಪತ್ಮೂರು, ಪದವೀಧರೆ. ಕಳೆದ ಏಳು ದಿನಗಳಲ್ಲಿ ಮಾಡಿದ ಕೆಲಸ ಎಂಬ ಕಾಲಮ್ಮಿನಲ್ಲಿ ಎರಡಂಕಿ: ತೊಂಬತ್ತೆರಡು.

ತೊಂಬತ್ತೆರಡು ಅಂದರೆ ಬರೇ ಮನೆಗೆಲಸ.

"ಇದು ನಮ್ಮ ಮನಿ," ಅಂದಳು ಐಶ್ವರ್ಯಾ.

"ಹೌದು," ಅಂದ ಉಜೈರ. ಸಾರವಾನ ಗಲ್ಲಿಯ ಹುಡುಗ, ಮಾತಿಗೆ ಮೊದಲು ಗದ್ದ ತುರಿಸುವ ರೂಢಿ. "ಚೀಟಿ ಎತ್ತಿದಾಗ ನಿಮ್ಮ ಮನಿ ನಂಬರ ಬಂದಿತ್ತು. ತನ್ನ ಮನೀದು ತಾನ ಮಾಡಬಾರ್ದು ಅಂತ ಮೇಡಂ ನನಗ ಕೊಟ್ರು. ನಿನ್ನೆ ಹೋಗಿದ್ನಿ. ನಿಮ್ಮವ್ವ ಥಾಲಿಪೀಟ್ ಕೊಟ್ರು."

"ನಾ ತೊಂಬತ್ತೆರಡೇನು?"

ಉಜೈರ ಗದ್ದ ತುರಿಸಿದ. "ನಿಮ್ಮಪ್ಪಾರು ಹೇಳಿದ್ದ ಬರದೇನಿ."

"ನಾ ಎಲ್ಲಿ ಇರ್ತೀನಿ ನಿನಗ ಗೊತ್ತಿಲ್ಲ? ನಿನ್ನೆ ನಾ ಖಾನಾಪುರದಾಗ ನಾಕ ಮನಿ ಅಡ್ಡಾಡೇನಿ."

"ಗೊತ್ತೈತಿ. ಆದ್ರ ನನಗ ಗೊತ್ತಿದ್ದದ್ದು ಬರಿಯಾಕ ಬರಂಗಿಲ್ಲ, ಅವರು ಹೇಳಿದ್ದು ಬರೀಬೇಕು. ಯಾರನ್ನೂ ಕೇಳದ ಗಿಡದ ಕೆಳಗ ಕುಂತು ತಾನ ನಮೂನಿ ತುಂಬಿದ ಒಬ್ಬನ್ನ ಹೋದ ತಿಂಗಳ ಕೆಲಸದಿಂದ ತಗದಾರ. ನೀ ಏನ ಮಾಡ್ತಿ? ನೀನೂ ಮಂದಿ ಹೇಳಿದ್ದ ಬರೀತಿಯಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಅಂದು ಬೆಳಿಗ್ಗೆ ಹಲಸಿಯಲ್ಲಿ, ಮಾಯಪ್ಪ ಎಂಬ ಮುದುಕನ ಕಟ್ಟೆಯ ಮೇಲೆ ಕುಳಿತು, ಅವನ ಸೊಸೆ ಪ್ರಮಿಳಾಳ ಕೆಲಸ ಏನು ಎಂದು ಕೇಳಿದ್ದಳು. "ಮನ್ಯಾಗ ಇರ್ತಾಳ್ರಿ, ಮತ್ತೇನು," ಅಂದಿದ್ದ ಅವನು. ತೊಂಬತ್ತೆರಡು ಒತ್ತುವಾಗ ಐಶ್ವರ್ಯಾಳ ಕಣ್ಣು ಬಾಗಿಲಿನ ಹಿಂದೆ ನಿಂತವಳ ಕೈಯ ಮೇಲೆ ಬಿದ್ದಿತ್ತು. ಹತ್ತೂ ಬೆರಳ ತುದಿ ಕಪ್ಪು. ಗೇರುಬೀಜದ ಸಿಪ್ಪೆಯ ಎಣ್ಣೆ ಸುಟ್ಟು ಮಾಡಿದ ಕಪ್ಪು. ಆ ಸೀಮೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಪ್ರಮಿಳಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. ಐಶ್ವರ್ಯಾ ಮುಂದಿನ ಪ್ರಶ್ನೆಗೆ ಹೋಗಿದ್ದಳು.

"ಶನಿವಾರ ಮತ್ತ ನಿಮ್ಮ ಮನಿಗೆ ಬರ್ತೀನಿ," ಅಂದ ಉಜೈರ ಇಳಿಯುವಾಗ. "ಸಂಶಯ ಬಂದ್ರ ಮರುಭೇಟಿ ಮಾಡಬಹುದು. ಅಷ್ಟರಾಗ ನಿಮ್ಮಪ್ಪಾರಿಗೆ ತಿಳಿಸಿ ಹೇಳು. ಅವರ ಒಪ್ಪಿಗಿ ಇಲ್ಲದ ಒಂದ ಅಂಕಿ ಅಲುಗೂದಿಲ್ಲ."

ಅಪ್ಪನಿಗೆ ತಿಳಿಸಿ ಹೇಳುವುದು ಅಷ್ಟು ಸುಲಭವಿರಲಿಲ್ಲ. ಈರಯ್ಯ ಸಿಟ್ಟಿನ ಮನುಷ್ಯನಲ್ಲ. ಸಿಟ್ಟಿನವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ತಾಳೆ ನೋಡುವ ಮನುಷ್ಯ. ಮೂವತ್ತು ವರ್ಷ ಸ್ಟೋರಿನ ಕಬ್ಬಿಣದ ಕಪಾಟುಗಳ ನಡುವೆ ಕಳೆದವನು. ಕಪಾಟಿಗೆ ನೇತುಹಾಕಿದ ಕಾರ್ಡಿನಲ್ಲಿ ನಲವತ್ತು ಬೋಲ್ಟು ಅಂತಿದ್ದರೆ ದಪ್ಪ ಪುಸ್ತಕದಲ್ಲೂ ನಲವತ್ತೇ ಇರಬೇಕು, ಮೂವತ್ತೊಂಬತ್ತು ಇದ್ದರೆ ರಾತ್ರಿ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ನಾ ಕೆಲಸಕ್ಕ ಹೋಗೂದಿಲ್ಲಂತ ಯಾಕ ಹೇಳಿದಿ ಅಪ್ಪಾ?" ಎಂದು ಅವಳು ಕೇಳಿದಾಗ ಅವನು ಚಹಾದ ಬಟ್ಟಲು ಕೆಳಗಿಟ್ಟು, ಗೋಡೆಯ ಕಪಾಟಿನಿಂದ ಒಂದು ಕಾಗದ ತೆಗೆದ. ಬೈಲಹೊಂಗಲದ ಹುಡುಗನ ಮನೆಗೆ ಕಳಿಸಿದ ಅವಳ ಜಾತಕದ ನಕಲು. ಅದರಲ್ಲಿ ಎತ್ತರ, ಬಣ್ಣ, ನಕ್ಷತ್ರಗಳ ಕೆಳಗೆ 'ಮನೆಯಲ್ಲಿ ಇರುತ್ತಾಳೆ, ಗೃಹಕೃತ್ಯದಲ್ಲಿ ನಿಪುಣೆ' ಎಂದು ಟೈಪಾಗಿತ್ತು.

"ಅವರು ಕೇಳಿದ್ದು ಮನ್ಯಾಗ ಇರೂ ಹುಡಿಗಿ. ಹಳ್ಳಿಹಳ್ಳಿ ತಿರಗತಾಳ ಅಂತ ಗೊತ್ತಾದ್ರ ಬ್ಯಾಡ ಅಂತಾರ. ಇಲ್ಲಿ ಒಂದ ಬರದು ಸರಕಾರದ ಕಾಗದದಾಗ ಇನ್ನೊಂದ ಬರಸಲೇನು? ನಾಳೆ ಎರಡೂ ಕೂಡ್ಸಿ ನೋಡಿದ್ರ?"

"ಯಾರ ಕೂಡ್ಸಿ ನೋಡ್ತಾರಪ್ಪಾ? ಅದು ದಿಲ್ಲಿಗೆ ಹೋಗತೈತಿ."

"ದಿಲ್ಲಿಗೆ ಹೋಗಿದ್ದು ಬೈಲಹೊಂಗಲಕ್ಕ ಬರಾಕ ಎಷ್ಟೊತ್ತು? ಎಲ್ಲಾ ಕಂಪ್ಯೂಟರದಾಗ ಐತಿ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಕಪಾಟಿನಲ್ಲಿಟ್ಟ. "ರವಿವಾರ ಬರ್ತಾರ. ನಾಳಿಂದ ಹೊರಗ ಹೋಗಬ್ಯಾಡ. ಬಿಸಲಾಗ ಮಾರಿ ಸುಟ್ಟೈತಿ."

"ಇನ್ನ ನಾಕ ಮನಿ ಉಳದಾವ. ಲೋಂಡಾದಾಗ."

"ಲೋಂಡಾದವರು ಓಡಿ ಹೋಗೂದಿಲ್ಲ."

ಅವ್ವ ಒಳಗಿನಿಂದಲೇ, "ಒಂದ ವಾರ ಐತಿ, ಕುಂದರವಾ," ಅಂದಳು. ಬಾಗಿಲಿಗೆ ಯಾರೂ ಕೀಲಿ ಹಾಕಲಿಲ್ಲ. ಅವಳ ಚಪ್ಪಲಿ ಮಾತ್ರ ಹೊರಗಿನ ಕಟ್ಟೆಯಿಂದ ಒಳಗಿನ ಮೂಲೆಗೆ ಬಂತು. ಅವ್ವ ಅದನ್ನು ಒರೆಸಿ, ಒಂದು ಹಾಳೆಯಲ್ಲಿ ಸುತ್ತಿ ಇಟ್ಟಿದ್ದಳು, ಊರಿಗೆ ಹೋದವರ ವಸ್ತುವಿನ ಹಾಗೆ.

ಗುರುವಾರ ಅನುರಾಧಾ ಮೇಡಂಗೆ ಫೋನ್ ಮಾಡಿ, ಬರಲಾಗುವುದಿಲ್ಲ ಎಂದಳು. ಮನೆಗಿಷ್ಟು ಎಂಬ ಕರಾರಿನ ಕೆಲಸ ಅದು, ರಜೆ ಎಂಬ ಶಬ್ದವೇ ಅದರಲ್ಲಿ ಇರಲಿಲ್ಲ. ಮನೆಗೆ ಹೋದರೆ ಕೆಲಸ, ಹೋಗದಿದ್ದರೆ ಇಲ್ಲ. ಮೇಡಂ ಬೈಯಲಿಲ್ಲ. "ನಿನ್ನ ಲೋಂಡಾದ ಮನಿ ಉಜೈರಗ ಕೊಡ್ತೀನಿ. ಟ್ಯಾಬ್ ನಿನ್ನ ಕಡೆನ ಇರಲಿ, ನೀ ಮಾಡಿದ ನಮೂನೆ ಏನರ ತಿದ್ದೂದು ಇದ್ರ ಮುಂದಿನ ಗುರುವಾರದ ತನಕ ತಿದ್ದು. ಅವತ್ತ ಎಲ್ಲಾ ಮುಚ್ಚತೈತಿ," ಅಂದರು.

ಅಂದು ಸಂಜೆ ಉಜೈರನ ಸಂದೇಶ ಬಂತು. ನಿನ್ನ ನಾಲ್ಕು ಮನೆ ನನ್ನ ತಲೆಯ ಮೇಲೆ ಬಿದ್ದಿವೆ, ಲೋಂಡಾದ ಕಾಡಿನಲ್ಲಿ ಅಲೆಯುತ್ತಿದ್ದೇನೆ, ಶನಿವಾರ ಬರಲಾಗದು, ಇನ್ನು ಮುಂದಿನ ಗುರುವಾರವೇ.

ಅದನ್ನು ಓದಿದವಳು ಬೆರಳು ಮಡಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ನಮೂನೆ ಕೇಳುವುದು ಒಂದೇ: ಭೇಟಿಯ ದಿನದಿಂದ ಹಿಂದಿನ ಏಳು ದಿನ. ಅದಕ್ಕಿಂತ ಮುಂಚೆ ನೀನು ಬೆಟ್ಟವನ್ನೇ ಹೊತ್ತಿದ್ದರೂ ಅದಕ್ಕೆ ಸಂಬಂಧವಿಲ್ಲ. ಮುಂದಿನ ಗುರುವಾರ ಉಜೈರ ಬಂದು ಕೂತರೆ ಅವನ ಏಳು ದಿನ ಈ ಗುರುವಾರದಿಂದ ಶುರುವಾಗುತ್ತವೆ. ಅವಳು ಹಲಸಿಗೆ ಹೋದದ್ದು ಬುಧವಾರ. ಅದು ಎಂಟನೆಯ ದಿನ. ಅಪ್ಪ ಹೇಳಿದ ಸುಳ್ಳು ಒಂದೊಂದೇ ದಿನ ಕಳೆದ ಹಾಗೆ ನಿಜವಾಗುತ್ತಿತ್ತು, ಅದನ್ನು ನಿಜ ಮಾಡುತ್ತಿದ್ದವಳು ಮನೆಯಲ್ಲಿ ಕುಳಿತ ಅವಳೇ. ನೂರು ಮನೆಗೆ ಹೊತ್ತು ತಿರುಗಿದ ಪ್ರಶ್ನೆ ತನ್ನ ಮನೆಯ ಬಾಗಿಲಲ್ಲಿ ಅವಳಿಗಾಗಿಯೇ ಬಲೆ ಹಾಸಿ ಕೂತಿತ್ತು.

ತರಬೇತಿಯ ದಿನ ಅನುರಾಧಾ ಮೇಡಂ ಹೇಳಿದ ಮಾತೊಂದು ಅವಳಿಗೆ ಕತೆಯ ಹಾಗೆ ಹತ್ತಿಕೊಂಡಿತ್ತು. ಗಡಿಗೆಯ ಅನ್ನ ಬೆಂದಿತೋ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು, ದೇಶವೂ ಹಾಗೇ. ಎಲ್ಲರನ್ನೂ ಕೇಳಲಾಗದು, ಚೀಟಿಯಲ್ಲಿ ಬಂದವರನ್ನು ಕೇಳುತ್ತೇವೆ. ಹಾಗೆ ಬಂದ ಒಬ್ಬಳು ಅಂದರೆ ಅವಳ ಬೆನ್ನ ಹಿಂದೆ ನಾಲ್ಕು ಸಾವಿರ ಮಂದಿ ಇದ್ದಾರೆ ಅಂತ ತಿಳಿಯಿರಿ. ಅಂದಿನಿಂದ ಐಶ್ವರ್ಯಾ ಯಾರ ಮನೆಯ ಕಟ್ಟೆ ಹತ್ತಿದರೂ ಒಳಗಿನ ಹೆಂಗಸಿನ ಹಿಂದೆ ಸಾಲು ಕಾಣುತ್ತಿತ್ತು. ಹಿತ್ತಿಲು ದಾಟಿ, ಹೊಲ ದಾಟಿ, ಗುಡ್ಡದ ಮೇಲೆ ಹತ್ತಿ ಹೋದ ಸಾಲು. ಈಗ ತನ್ನ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಲು ಅವಳಿಗೆ ಹೆದರಿಕೆಯಾಯಿತು. ನಾಲ್ಕು ಸಾವಿರ ಜೊತೆ ಚಪ್ಪಲಿ, ಹಾಳೆಯಲ್ಲಿ ಸುತ್ತಿಟ್ಟಿದ್ದು.

"ಆಯಿ, ಹಗೇವಿನ ಹುಡಿಗೀ ಕತಿ ಹೇಳು," ಅಂದಳು ಶುಕ್ರವಾರ ಮಧ್ಯಾಹ್ನ, ಅಜ್ಜಿ ಕಾಶವ್ವನ ಬಾಜೂಕ್ಕೆ ಕುಳಿತು ಅವರೆಕಾಳು ಸುಲಿಯುತ್ತ.

"ಈ ವಯಸ್ಸಿಗೆ? ಮದವಿ ಹುಡಿಗಿ ನೀ."

"ಅದಕ್ಕ ಕೇಳಾಕತ್ತೇನಿ. ಮುಂದ ಯಾರ ಹೇಳ್ತಾರ?"

ಕಾಶವ್ವ ಕಾಳಿನ ಬುಟ್ಟಿಯನ್ನು ಸರಿಸಿ ಕುಳಿತಳು. ಒಬ್ಬ ರಾಜನಿಗೆ ತನ್ನ ರಾಜ್ಯದಲ್ಲಿ ಏನೇನಿದೆ ಎಂದು ತಿಳಿಯುವ ಹುಚ್ಚು ಹತ್ತಿತಂತೆ. ಲೆಕ್ಕದವರನ್ನು ಊರೂರಿಗೆ ಅಟ್ಟಿದನಂತೆ. ಎಣಿಸಿದ ಹುಡುಗಿಯರನ್ನೆಲ್ಲ ಅರಮನೆಗೆ ಒಯ್ಯುತ್ತಾರೆ ಎಂದು ಯಾರೋ ಗುಲ್ಲೆಬ್ಬಿಸಿದರು. ಒಬ್ಬ ತಂದೆ ಹೆದರಿ, ಜೋಳ ತುಂಬುವ ನೆಲದೊಳಗಿನ ಹಗೇವಿನಲ್ಲಿ ಮಗಳನ್ನು ಇಳಿಸಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ. ಲೆಕ್ಕದವನು ಬಂದು, ಒಳಗ ಏನೈತೋ ಅಂದ. ಜ್ವಾಳ, ಅಂದ ತಂದೆ. ಲೆಕ್ಕದವನು ಬರೆದುಕೊಂಡು ಹೋದ.

"ಮುಂದ?"

"ಮುಂದೇನು. ಕಲ್ಲು ತೆಗಿಯಾಕ ಹೋದ್ರ ಊರಗೌಡ ಬಂದ. ಏ, ರಾಜನ ಪುಸ್ತಕದಾಗ ಇದು ಜ್ವಾಳ ಅಂತ ಐತಿ, ಇದರಾಗಿಂದ ಹುಡಿಗಿ ಬಂದ್ರ ರಾಜ ಸುಳ್ಳ ಆಗತಾನ, ಅಂದ."

"ಆಮ್ಯಾಲ ಹೊರಗ ಬಂದಳೋ ಇಲ್ಲೋ?"

ಚಿಕ್ಕವಳಿದ್ದಾಗಿನಿಂದ ಈ ಪ್ರಶ್ನೆಗೆ ಕಾಶವ್ವ ಉತ್ತರ ಕೊಟ್ಟಿರಲಿಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ಅವಳಿಗೆ ನಿದ್ದೆ ಬರುತ್ತಿತ್ತು. ಈಗಲೂ ಆಕಳಿಸಿದಳು. "ಒಳಗಿಂದ ಹಾಡತಿದ್ಳಂತ. ಮ್ಯಾಲಿದ್ದವರು ಜ್ವಾಳಕ್ಕ ಹುಳ ಬಿದ್ದೈತಿ, ಅದರ ಸಪ್ಪಳ ಅಂತಿದ್ರಂತ."

ರವಿವಾರ ಬೈಲಹೊಂಗಲದವರು ಆರು ಮಂದಿ ಬಂದರು. ಶಿರಾ ತಿಂದರು. ಹುಡುಗ ಓಂಕಾರ ತಲೆ ಎತ್ತಲೇ ಇಲ್ಲ, ಅವನ ಅಕ್ಕನೇ ಎಲ್ಲ ಕೇಳಿದಳು. "ದಿನಾ ಏನ ಮಾಡ್ತಿ?" ಎಂದು ಕೇಳಿದಾಗ ಐಶ್ವರ್ಯಾ ಬಾಯಿ ತೆರೆಯುವ ಮೊದಲೇ ಈರಯ್ಯ, "ಮನ್ಯಾಗ ಇರ್ತಾಳ್ರಿ," ಅಂದ. ಹಲಸಿಯ ಮಾಯಪ್ಪ ಅಂದದ್ದೂ ಅದನ್ನೇ, ಅದೇ ಮೆತ್ತಗಿನ ದನಿಯಲ್ಲಿ. ಐಶ್ವರ್ಯಾ ತಾಟು ಹಿಡಿದ ಕೈಯನ್ನು ನೋಡಿಕೊಂಡಳು. ಕಪ್ಪೇನೂ ಇರಲಿಲ್ಲ. ಆದರೂ ಸೆರಗಿನೊಳಗೆ ಎಳೆದುಕೊಂಡಳು.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಸೋಮವಾರ ಅಪ್ಪ ಫೌಂಡ್ರಿಗೆ ಹೋದ ಮೇಲೆ, ಅವ್ವ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದ ಮೇಲೆ, ಟ್ಯಾಬ್ ತೆಗೆದು ಮಾಯಪ್ಪನ ನಂಬರು ಹುಡುಕಿ ಫೋನ್ ಹಚ್ಚಿದಳು.

"ಸಮೀಕ್ಷೆದಾಕಿ ಮಾತಾಡಾಕತ್ತೇನ್ರಿ ಅಜ್ಜಾರ. ನಿಮ್ಮ ಸೊಸೀದು ಒಂದ ಪ್ರಶ್ನಿ ಉಳದೈತಿ. ಆಕಿನ್ನ ಕೇಳಬೇಕಿತ್ತು."

"ಆಕೀಗೇನ ತಿಳೀತೈತಿ? ನಾ ಹೇಳ್ತೀನಿ ಕೇಳ್ರಿ."

"ನೀವು ಹೇಳಿದ್ದು ಬರದೇನ್ರಿ. ಈಗ ಆಕಿ ಹೇಳೂದು ಬರೀಬೇಕು. ನೇಮ ಐತಿ."

ನಿಯಮ ಎಂಬ ಮಾತಿಗೆ ಮುದುಕ ಸೊಸೆಯನ್ನು ಕರೆದ. ಫೋನು ಕೈ ಬದಲಿಸಿತು, ಕಟ್ಟಾಯಿತು. ಮತ್ತೆ ಹಚ್ಚಿದಳು, ಮತ್ತೆ ಕಟ್ಟಾಯಿತು. ಐದನೆಯ ಸಲ ಏದುಸಿರಿನ ದನಿಯೊಂದು ಕೇಳಿತು.

"ಬಾಯಾರ, ಪ್ರಮಿಳಾ ಬೋಲ್ತೇ... ಅಲ್ಲ, ಪ್ರಮಿಳಾ ಮಾತಾಡತೇನ್ರಿ. ಮನ್ಯಾಗ ರೇಂಜ್ ಇಲ್ಲ. ಗುಡಿ ಮೆಟ್ಟಲಕ್ಕ ಬಂದೇನಿ. ಫೋನ್ ಹಿಡಕೊಂಡು ಒಬ್ಬಾಕಿನ ಹೊರಗ ಬಂದದ್ದು ಇದ ಮೊದಲ ಸಲ, ಮಂದಿ ನೋಡಾಕತ್ತಾರ." ನಕ್ಕಳು. "ಕೇಳ್ರಿ."

"ಹೋದ ಏಳು ದಿನದಾಗ ಏನೇನ ಕೆಲಸ ಮಾಡಿದಿ?"

ಗುಡಿಯ ಹತ್ತಿರ ಯಾವುದೋ ಹಕ್ಕಿ ಕೂಗುತ್ತಿತ್ತು. ಆಮೇಲೆ ಪ್ರಮಿಳಾ ನಿಧಾನಕ್ಕೆ ಶುರುಮಾಡಿದಳು. ಕಾಜೂ ಒಡೆಯುವುದು. ಮುಂಜಾನೆ ಹತ್ತಕ್ಕೆ ಚೀಲ ಬಿಚ್ಚಿದರೆ ದೀಪ ಹಚ್ಚುವ ಹೊತ್ತಿನ ತನಕ. ಖಾನಾಪುರದಿಂದ ಗಾಡಿ ಬಂದು ತೂಗಿ ಒಯ್ಯುತ್ತದೆ. ಬೂದಿ ಹಚ್ಚಿಕೊಂಡು ಕೂತರೂ ಚರ್ಮ ಸುಲಿಯುತ್ತದೆ, ಮಗು ಹಾಲು ಕುಡಿಯುವಾಗ ಕೈ ಮುಟ್ಟಗೊಡುವುದಿಲ್ಲ.

"ದಿನಕ್ಕ ಎಷ್ಟ ತಾಸು?"

"ಎಣಿಸಿಲ್ರಿ ಬಾಯಾರ. ಖರೇ ಹೇಳ್ತೀನಿ, ಇದು ಕೆಲಸ ಅಂತ ಯಾರೂ ಕೇಳಿಲ್ಲ. ಮಾವಾರು ಅಂತಾರ, ಕುಂತ ಮಾಡೂದು ಎಂಥಾ ಕೆಲಸ ಅಂತ. ಅವರೂ ಕುಂತ ಇರ್ತಾರ. ಆದ್ರ ಅವರ ಬಾಜು ಕಾಜೂ ಇರಂಗಿಲ್ಲ."

ಇಬ್ಬರೂ ಕೂಡಿ ಎಣಿಸಿದರು. ಸೋಮವಾರದಿಂದ ರವಿವಾರದ ತನಕ, ಮಗು ಮಲಗಿದ್ದು, ನೀರು ತಂದದ್ದು, ರೊಟ್ಟಿ ಬಡಿದದ್ದು ಎಲ್ಲ ಕಳೆದು. ನಡುವೆ ಮೂರು ಸಲ ಫೋನ್ ಕಟ್ಟಾಯಿತು, ಮೂರು ಸಲವೂ ಪ್ರಮಿಳಾ ತಾನೇ ಹಚ್ಚಿದಳು. ಐವತ್ತೊಂದು ತಾಸು ಬಂತು. ಅಷ್ಟೊಂದು ಆಗಲಾರದು ಎಂದು ಪ್ರಮಿಳಾಳೇ ಹಟ ಹಿಡಿದು ಇನ್ನೊಮ್ಮೆ ಎಣಿಸಿದಳು; ಐವತ್ಮೂರಾಯಿತು. ಕೊನೆಗೆ, ಫೋನ್ ಹುಡುಕುತ್ತ ಗುಡಿಯ ತನಕ ಬಂದಿದ್ದ ಮುದುಕನ ಒಪ್ಪಿಗೆ ಕೇಳಿದಾಗ, "ಏನರ ಬರಕೊಳ್ರಿ, ನನ್ನ ಫೋನ್ ಬಿಟ್ರ ಸಾಕು," ಅಂದ.

ಐಶ್ವರ್ಯಾ ತೊಂಬತ್ತೆರಡು ಅಳಿಸಿ ಹೊಸ ಅಂಕಿ ಒತ್ತಿದಳು. ಹಿತ್ತಿಲಿನಿಂದ ಅವ್ವ, "ಯಾರ ಕೂಡ ಮಾತಾಡಾಕತ್ತಿ ಅಷ್ಟೊತ್ತು?" ಅಂದಳು. "ಹಲಸಿಯಾಕಿ ಕೂಡ," ಅಂದಳು ಇವಳು. ಹಲಸಿಯ ಆ ಗೆಳತಿ ಯಾರೆಂದು ಅವ್ವ ಕೇಳಲಿಲ್ಲ.

ಬುಧವಾರ ಸಂಜೆ ಬೈಲಹೊಂಗಲದಿಂದ ಫೋನ್ ಬಂತು. ಹುಡುಗಿ ಒಪ್ಪಿಗೆಯಾಗಿದ್ದಾಳೆ, ಹದಿನೈದು ದಿನದೊಳಗೆ ನಿಶ್ಚಯ. ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ನೀನು ಒಪ್ಪಿದೆಯೋ ಎಂದು ಯಾರೂ ಐಶ್ವರ್ಯಾಳನ್ನು ಕೇಳಲಿಲ್ಲ. ಮರೆತದ್ದೂ ಅಲ್ಲ, ಅಂಥ ಕಾಲಮ್ಮೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಈರಯ್ಯ ಕೆಲಸಕ್ಕೆ ಹೊರಡುವ ಮೊದಲೇ ಉಜೈರ ಬಂದ. ಲೋಂಡಾದ ಕೆಂಪು ಧೂಳು ಇನ್ನೂ ಅವನ ಚೀಲದ ಮೇಲಿತ್ತು. ದಾರಿಯಲ್ಲಿ ಅವಳಿಗೆ ನೀ ಅನ್ನುವವನು ಇಲ್ಲಿ ಚಾಪೆಯ ಅಂಚಿನಲ್ಲಿ ಕುಳಿತು, "ಐಶ್ವರ್ಯಾ ಅವರದು ಒಂದ ಕಾಲಂ ಕೇಳೂದೈತ್ರಿ ಕಾಕಾರ," ಅಂದ.

"ಹೇಳೇನಲ್ಲ. ಮನ್ಯಾಗ ಇರ್ತಾಳ. ಈಗಂತೂ ಖರೇನ ಇದ್ದಾಳ, ನೋಡ್ರಿ ಬೇಕಾದ್ರ."

"ಅವರನ್ನ ಕೇಳಬೇಕ್ರಿ."

ಈರಯ್ಯ ಮಗಳ ಕಡೆ ನೋಡಿದ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಬೇರೆ ಮನೆಗಳ ಕಟ್ಟೆಯ ಮೇಲೆ ಕೂತು ಅವಳು ನೂರು ಸಲ ಹೆಂಗಸರನ್ನು ಕಂಡ ಜಾಗದಲ್ಲಿಯೇ. ಒಳಗಿನಿಂದ ನೋಡಿದರೆ ಆ ಬಾಗಿಲು ಬಹಳ ಕಿರಿದು.

"ಹೋದ ಗುರುವಾರ?" ಅಂದ ಉಜೈರ.

"ಅಡಿಗಿ. ಮನಿ ಸಾರಿಸಿದ್ದು."

"ಶುಕ್ರವಾರ?"

"ಅವರಿಕಾಳ ಸುಲದದ್ದು. ಅಡಿಗಿ."

ಶನಿವಾರ ಉಂಡಿ ಕಟ್ಟಿದ್ದು. ರವಿವಾರ ಸೀರೆ ಉಟ್ಟಿದ್ದು, ಕುಳಿತಿದ್ದು. ಪ್ರತಿ ಉತ್ತರಕ್ಕೂ ಉಜೈರನ ಬೆರಳು ಕೆಳಗಿಳಿಯುತ್ತಿತ್ತು, ಅವಳೂ ಇಳಿಯುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಒಂದು ದಿನ ಖಾನಾಪುರಕ್ಕೆ ಹೋಗಿದ್ದೆ ಅಂದರೆ ಅವನು ಕಣ್ಣು ಮುಚ್ಚಿ ಬರೆದುಕೊಳ್ಳುತ್ತಿದ್ದ. ಆದರೆ ಸಹಿ ಮಾಡಬೇಕಾದವನು ಎದುರಿಗೇ ಕೂತಿದ್ದ, ಅವನ ಮುಂದೆ ಒಂದು ಬೋಲ್ಟು ಹೆಚ್ಚಿಗೆ ತೋರಿಸಲಾಗುತ್ತಿರಲಿಲ್ಲ.

"ಸೋಮವಾರ?"

"ಅಡಿಗಿ," ಅಂದು ಅವಳು ನಿಂತಳು. "ಮತ್ತ... ಹಲಸಿ ಮನೀದು ತಿದ್ದಿದ್ನಿ. ಫೋನಿನಾಗ."

ಉಜೈರ ತಲೆ ಎತ್ತಿದ. "ಎಷ್ಟೊತ್ತು?"

ಅವಳು ಒಳಗೆ ಹೋಗಿ ತನ್ನ ಟ್ಯಾಬ್ ತಂದು ಅವನ ಮುಂದೆ ಇಟ್ಟಳು. ನಮೂನೆ ತೆರೆದ ಹೊತ್ತು, ಮುಚ್ಚಿದ ಹೊತ್ತು ಅದರಲ್ಲೇ ಇತ್ತು. ಹತ್ತು ಗಂಟೆ ನಾಲ್ಕು ನಿಮಿಷದಿಂದ ಹನ್ನೊಂದು ಗಂಟೆ ಹದಿನಾರು ನಿಮಿಷ.

"ಒಂದ ತಾಸು ಹನ್ನೆರಡ ಮಿನಿಟು," ಅಂದ ಉಜೈರ, ಗದ್ದ ತುರಿಸುವುದನ್ನು ಮರೆತು. "ಸಾಕ್ರಿ ಕಾಕಾರ. ಏಳು ದಿನದಾಗ ಒಂದ ದಿನ, ಒಂದ ತಾಸು ಮಾಡಿದ್ರೂ ಅವರು ಕೆಲಸದಾಗಿನವರ. ನೇಮ ಐತಿ."

"ಫೋನಿನಾಗ ಮಾತಾಡೂದು ಕೆಲಸ ಅಂತಾರೇನು?" ಅಂದ ಈರಯ್ಯ.

"ನಿಮ್ಮ ಸ್ಟೋರಿಗೆ ಫೋನ್ ಬರೂದಿಲ್ಲೇನ್ರಿ?"

ಈರಯ್ಯ ಟ್ಯಾಬನ್ನು ಕೈಗೆ ತೆಗೆದುಕೊಂಡ. ಹತ್ತು ನಾಲ್ಕು, ಹನ್ನೊಂದು ಹದಿನಾರು. ಬೆರಳಿನಿಂದ ಎರಡು ಸಲ ಕಳೆದು ನೋಡಿದ. ಹಲಸಿ, ಪ್ರಮಿಳಾ, ಐವತ್ಮೂರು ತಾಸು ಎಂಬುದನ್ನೂ ಓದಿದ.

"ಇದು ಬೈಲಹೊಂಗಲಕ್ಕ ಹೋಗತೈತೇನು?"

"ಇಲ್ರಿ. ಹೆಸರ ಯಾರಿಗೂ ಹೋಗೂದಿಲ್ಲ. ಬರೇ ಲೆಕ್ಕ ಹೋಗತೈತಿ."

"ಹೆಸರ ಬಿಟ್ಟು ಲೆಕ್ಕ ಒಯ್ತಾರಂತ," ಅಂದಳು ಮೂಲೆಯಿಂದ ಕಾಶವ್ವ, ಯಾರಿಗೂ ಅಲ್ಲದೆ.

ಈರಯ್ಯ ಮಗಳನ್ನು ನೋಡಲಿಲ್ಲ. "ಮಾಲ್ ಹೊರಗ ಹೋಗಿದ್ದು ಖರೇ ಅಂದ್ರ ಬರೀಬೇಕಾಗತೈತಿ," ಅಂದ, ಸ್ಟೋರಿನಲ್ಲಿ ಅನ್ನುವ ಹಾಗೆ. ಉಜೈರನ ಟ್ಯಾಬಿನ ಬಿಳಿ ಚೌಕದಲ್ಲಿ ತೋರುಬೆರಳಿನಿಂದ ತನ್ನ ಹೆಸರು ಗೀಚಿದ. ನಾಲ್ಕನೆಯ ಸಾಲಿನ ತೊಂಬತ್ತೆರಡು ಹೋಗಿ ಬೇರೆ ಅಂಕಿ ಬಂತು. ಅದಕ್ಕೆ ಸಪ್ಪಳವೇನೂ ಆಗಲಿಲ್ಲ.

ಆಮೇಲೆ ಅವನು ಎದ್ದು ಅಂಗಿಯ ಗುಂಡಿ ಹಾಕಿಕೊಂಡ. "ಚಹಾ ಕೊಡವಾ ಅವರಿಗೆ. ಜಾತಕದ ಕಾಗದ ನಾ ತಿದ್ದೂದಿಲ್ಲ, ಅದು ಆತು. ಹದಿನೈದು ದಿನದಾಗ ನಿಶ್ಚಯ ಐತಿ." ಹೊರಗೆ ಹೋಗಿ ಗಾಡಿಗೆ ಕಿಕ್ ಹೊಡೆದ.

ಉಜೈರ ಚಹಾ ಕುಡಿದು, ಎರಡೂ ಟ್ಯಾಬು ಚೀಲಕ್ಕೆ ಹಾಕಿದ. ಅವಳದು ಇವತ್ತು ವಾಪಸ್ಸು ಕೊಡಬೇಕಿತ್ತು. ಹೊಸ್ತಿಲಲ್ಲಿ ಬೂಟು ಹಾಕುವಾಗ ದನಿ ಇಳಿಸಿ, "ಮುಂದಿನ ಸುತ್ತಿಗೆ ಬರ್ತಿಯೇನು?" ಅಂದ.

"ಗೊತ್ತಿಲ್ಲ."

"ಮೇಡಂ ಕೇಳಿದ್ರ ಏನ ಹೇಳಲಿ?"

ಅವಳು ಯೋಚಿಸಿದಳು. "ಕೇಳ್ರಿ ಅಂತ ಹೇಳು. ನನ್ನನ್ನ ಕೇಳ್ರಿ ಅಂತ."

ಅವನು ಗಲ್ಲಿಯ ತಿರುವಿನಲ್ಲಿ ಮರೆಯಾಗುವ ತನಕ ಅವಳು ನೋಡುತ್ತ ನಿಂತಳು. ಕೆಂಪು ಧೂಳಿನ ಆ ಚೀಲದಲ್ಲಿ ಅವಳ ನಾಲ್ಕು ಸಾವಿರ ಮಂದಿ ಹೋಗುತ್ತಿದ್ದರು, ಪ್ರಮಿಳಾಳ ನಾಲ್ಕು ಸಾವಿರ ಮಂದಿ ಕಪ್ಪು ಬೆರಳು ಬಿಡಿಸಿಕೊಂಡು ಅವರ ಬಾಜೂಕ್ಕೆ. ಅವಳೊಬ್ಬಳು ಬಾಗಿಲಲ್ಲಿ ಉಳಿದಳು, ಕೈಯಲ್ಲಿ ಖಾಲಿ ಬಟ್ಟಲು.

"ಕಲ್ಲ ತೆಗದ್ರೇನು?" ಅಂದಳು ಕಾಶವ್ವ ಒಳಗಿನಿಂದ.

ಐಶ್ವರ್ಯಾ ತಿರುಗಿ ನೋಡಿದಳು. ಮುದುಕಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು.

"ಇಲ್ಲ ಆಯಿ. ಆದ್ರ ಒಳಗಿರೂದು ಜ್ವಾಳ ಅಲ್ಲಂತ ಬರಕೊಂಡು ಹೋದ್ರು."

"ಹಾಂ," ಅಂದಳು ಕಾಶವ್ವ. ಈ ಸಲ ಅವಳಿಗೆ ಆಕಳಿಕೆ ಬರಲಿಲ್ಲ. "ಹಂಗಾರ ಕತಿ ಇನ್ನ ಮುಂದ ಐತಿ. ಬಾ, ಕುಂದರು."